ಉರಿಯುವುದೂ ಸರಿಯಾಗಿರುವುದೂ

ನಲವತ್ತು ದಾಟಿದ ಮನುಷ್ಯ ಸಂಜೆಯ ಹೊತ್ತು ಭಜನೆಗೆ ಹೋದರೆ, ತಾಳಮದ್ದಳೆಗೆ ಹೋದರೆ ಯಾರೂ ಕಾರಣ ಕೇಳುವುದಿಲ್ಲ. ಪುಸ್ತಕ ಹಿಡಿದು ತರಗತಿಗೆ ಹೋದರೆ ಮಾತ್ರ ಊರಿಗೆ ಕಾರಣ ಬೇಕಾಗುತ್ತದೆ. ಅದೂ ಬಿ.ಎ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು ವಯರಿಂಗ್ ಕೆಲಸ ಕಲಿಯಲು ಹೊರಟನೆಂದರೆ, "ಕೆಲಸಕ್ಕೇನಾದರೂ ತೊಂದರೆಯೇ?" ಎಂದು ಮೆಲ್ಲಗೆ ವಿಚಾರಿಸುವವರೇ ಹೆಚ್ಚು. ತೊಂದರೆ ಏನೂ ಇಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊಟ್ಟೆಪಾಡಿಗೆ ಬೇಡವಾದ ವಿದ್ಯೆಯನ್ನು, ಅದರಿಂದ ದುಡಿಯುವ ಉದ್ದೇಶವೇ ಇಲ್ಲದವನು ಏಕೆ ಕಲಿಯಬೇಕು? ಒಂದು ವರ್ಷ ಬೆಂಚಿನ ಮೇಲೆ ಕುಳಿತ ಬಳಿಕ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡು ಜಿಲ್ಲೆಯ ಒಂದು ತಾಂತ್ರಿಕ ಸಂಸ್ಥೆಯಲ್ಲಿ ಸಂಜೆ ಮತ್ತು ರಜಾದಿನಗಳಲ್ಲಿ ನಡೆಯುವ ತರಗತಿ ಅದು. ಮೊದಲ ಪಾಠಕ್ಕೆ ಒಂದು ಹಲಗೆ, ಒಂದು ಬಲ್ಬು, ಒಂದು ಸ್ವಿಚ್ಚು. ಸ್ವಿಚ್ಚನ್ನು ಫೇಸ್ ತಂತಿಯಲ್ಲಿ ಕೂರಿಸಬೇಕು ಎನ್ನುವುದು ನಿಯಮ. ಆದರೆ ನ್ಯೂಟ್ರಲ್ ತಂತಿಯಲ್ಲಿ ಕೂರಿಸಿದರೂ ಬಲ್ಬು ಚೆನ್ನಾಗಿಯೇ ಉರಿಯುತ್ತದೆ, ಆರಿಸಿದರೆ ಆರುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಎಷ್ಟೋ ವರ್ಷಗಳ ನಂತರ ಬಲ್ಬು ಬದಲಿಸಲು ಸ್ಟೂಲು ಹತ್ತಿದವನಿಗೆ. ಸ್ವಿಚ್ಚು ಆರಿಸಿದ್ದೇನೆಂಬ ನಂಬಿಕೆಯಿಂದ ಅವನು ಹೋಲ್ಡರಿಗೆ ಕೈಯಿಡುತ್ತಾನೆ. ಅಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ.

ಉರಿಯುವುದು ಬೇರೆ, ಸರಿಯಾಗಿರುವುದು ಬೇರೆ. ಈ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ತೆಳ್ಳಗಿನ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ಎಳೆ ಸುತ್ತಿದರೆ ಮನೆಯವರಿಗೆ ಖುಷಿ, ಆ ಮೇಲೆ ದೀಪ ಹೋಗುವುದೇ ಇಲ್ಲ. ಕರಗಬೇಕಾದದ್ದು ಕರಗದಿದ್ದರೆ ಬಿಸಿಯೇರುವುದು ಗೋಡೆಯೊಳಗಿನ ತಂತಿ ಎಂಬುದು ಯಾರಿಗೂ ಕಾಣುವುದಿಲ್ಲ. ಇನ್ನು ಅರ್ತ್ ತಂತಿಯ ಕಥೆಯಂತೂ ವಿಚಿತ್ರವಾದದ್ದು. ಎಲ್ಲವೂ ನೆಟ್ಟಗಿದ್ದರೆ ಅದು ತನ್ನ ಆಯುಷ್ಯವಿಡೀ ಮಾಡುವ ಕೆಲಸ ಏನೂ ಇಲ್ಲ. ಅದನ್ನು ಕಿತ್ತುಹಾಕಿದರೂ ಫ್ಯಾನು ತಿರುಗುತ್ತದೆ, ಮಿಕ್ಸಿ ಅರೆಯುತ್ತದೆ, ಪಂಪು ನೀರೆತ್ತುತ್ತದೆ. ಎಂದೋ ಒಂದು ದಿನ ಒಳಗಿನ ಇನ್ಸುಲೇಶನ್ ಸವೆದು ಯಂತ್ರದ ಮೈಗೆ ವಿದ್ಯುತ್ ಹರಿದಾಗ, ಅದನ್ನು ನೆಲಕ್ಕೆ ಒಯ್ಯುವ ದಾರಿ ಬೇಕಾಗುತ್ತದೆ. ಆ ದಾರಿ ಇಲ್ಲದಿದ್ದರೆ ಮುಟ್ಟಿದ ಮನುಷ್ಯನೇ ದಾರಿಯಾಗುತ್ತಾನೆ.

ಕೆಲವು ಮಳೆಗಾಲಗಳ ಹಿಂದೆ ನಮ್ಮ ಕಡೆಯ ಒಂದು ಅಡಕೆ ತೋಟದಲ್ಲಿ ಹೀಗೆಯೇ ಆಯಿತು. ಹನ್ನೊಂದು ವರ್ಷ ದೂರಿಲ್ಲದೆ ಓಡಿದ ಪಂಪು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದ ಕೂಲಿಯವನು ಮತ್ತೆ ಏಳಲಿಲ್ಲ. ಮೂವತ್ತರ ಪ್ರಾಯ, ಎರಡು ಸಣ್ಣ ಮಕ್ಕಳು. ಸಾವಿನ ಮನೆಯಲ್ಲಿ ಹಿರಿಯರೊಬ್ಬರು "ಹಣೆಬರಹ" ಎಂದರು, ನೆರೆದವರು ಹೌದೆಂದರು. ನೊಂದವರಿಗೆ ಆ ಮಾತು ಊರುಗೋಲು, ಅದನ್ನು ಕಸಿಯುವ ಹಕ್ಕು ನನಗಿಲ್ಲ. ಆದರೆ ನೊಂದವರಲ್ಲದ ನಾವು ಅದನ್ನೇ ಹೇಳಬಹುದೇ? ಪಂಪಿಗೆ ಅರ್ತ್ ತಂತಿ ಜೋಡಿಸಿಯೇ ಇರಲಿಲ್ಲ. ಹಣೆಯಲ್ಲಿ ಬರೆದವನು ಬ್ರಹ್ಮನಾದರೆ, ತಂತಿ ಬಿಟ್ಟವನು ಮನುಷ್ಯ. ಅದನ್ನು ಬಿಡಲು ಒಪ್ಪಿದವನೂ ಮನುಷ್ಯನೇ. ವಿಧಿಯ ಪಾಲು ಎಲ್ಲಿ ಮುಗಿಯುತ್ತದೆ, ನಮ್ಮ ಪಾಲು ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯಬೇಕಾದರೆ ತಂತಿಯ ಬಗ್ಗೆ ಸ್ವಲ್ಪ ತಿಳಿದಿರಬೇಕು ಎಂದು ನನಗೆ ಅಂದು ಅನಿಸಿತು.

ಬ್ಯಾಂಕಿನಲ್ಲಿ ನಾವು ಮಾಡುವ ಪ್ರತಿಯೊಂದು ಕೆಲಸವನ್ನೂ ಇನ್ನೊಬ್ಬರು ನೋಡುತ್ತಾರೆ. ಸಂಜೆಗೆ ತಾಳೆ, ವರ್ಷಕ್ಕೆ ಆಡಿಟ್. ತಪ್ಪಾದ ಜಮೆಯನ್ನು ಮರುನಮೂದಿನಿಂದ ಸರಿಪಡಿಸಬಹುದು. ವಿದ್ಯುತ್ತಿನಲ್ಲಿಯೂ ತಾಳೆ ನೋಡುವ ಒಂದು ಪುಟ್ಟ ಸಾಧನವಿದೆ, ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ಅದು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಮನೆಗಳಿಗೆ ಹಾಕುವ ಸಾಧನದಲ್ಲಿ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಅದು ಸಂಪರ್ಕ ಕಡಿದುಬಿಡುತ್ತದೆ. ಹಳೆಯ 60 ವಾಟಿನ ಬಲ್ಬು ಎಳೆಯುವುದರ ಸುಮಾರು ಒಂಬತ್ತರಲ್ಲಿ ಒಂದು ಪಾಲು ಇದು. ಇಂಥ ಕಟ್ಟುನಿಟ್ಟಿನ ಗುಮಾಸ್ತನನ್ನು ನಾನು ಎಲ್ಲಿಯೂ ಕಂಡಿಲ್ಲ. ಆದರೆ ಅದನ್ನು ಹಾಕಿಸಬೇಕೆಂಬ ಮನಸ್ಸು ಮನೆಯವರಿಗಿರಬೇಕು. ಗೋಡೆಯೊಳಗಿನ ಉಳಿದ ಕೆಲಸಕ್ಕಂತೂ, ಒಮ್ಮೆ ಗಾರೆ ಮುಚ್ಚಿದ ಮೇಲೆ, ಕೆಲಸಗಾರನ ಮನಸ್ಸಾಕ್ಷಿಯೊಂದೇ ಆಡಿಟರ್.

ಹಾಗೆಂದು ಕೆಲಸಗಾರನ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗೃಹಸಾಲಕ್ಕೆ ಬರುವ ಅಂದಾಜುಪಟ್ಟಿಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಚಾವಡಿಯ ನೆಲಹಾಸಿಗೆ ಒಂದು ಸಾಲು, ಗೇಟಿಗೆ ಒಂದು ಸಾಲು, ಅಡುಗೆಮನೆಯ ಕಪಾಟುಗಳಿಗೆ ನಾಲ್ಕು ಸಾಲು. ವಯರಿಂಗಿಗೆ ಒಟ್ಟು ಮೊತ್ತ, ಅದರಲ್ಲಿ ಅರ್ತಿಂಗ್ ಎಂಬ ಪದವೇ ಎಷ್ಟೋ ಸಲ ಇರುವುದಿಲ್ಲ. ಎರಡೂವರೆ ಮೀಟರ್ ಉದ್ದದ ಪೈಪನ್ನು ನೆಲದೊಳಗೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಹಗುರದ ಅಗೆತವಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ನೀರು ಹೊಯ್ಯಬೇಕು. ನೆಂಟರು ಬಂದಾಗ ತೋರಿಸುವ ವಸ್ತುವಲ್ಲ ಅದು. "ಇದೊಂದನ್ನು ಆಮೇಲೆ ನೋಡುವ" ಎಂದು ಮನೆಯ ಯಜಮಾನ ಹೇಳಿದರೆ, ದಿನಗೂಲಿಯ ವಯರ್‌ಮ್ಯಾನ್ ಎಷ್ಟು ವಾದಿಸಿಯಾನು? ಕಾಣುವುದಕ್ಕೆ ಹಣ ಕೊಟ್ಟು ಕಾಣದ್ದಕ್ಕೆ ಚೌಕಾಸಿ ಮಾಡುವವನು ಆ ಕೆಲಸದ ಪಾಲುದಾರನೇ. ಕಲಿಯದವನಿಗೆ ಅದು ಪಾಲುದಾರಿಕೆಯೆಂದು ತಿಳಿಯುವುದೂ ಇಲ್ಲ.

ಒಬ್ಬ ಸಹೋದ್ಯೋಗಿ ಕೇಳಿದ ಪ್ರಶ್ನೆ ಇನ್ನೂ ಕಠಿಣವಾದದ್ದು: "ಅನ್ನಕ್ಕಾಗಿ ಕಲಿಯುವ ಹುಡುಗನ ಜಾಗದಲ್ಲಿ ನೀವು ಕುಳಿತಂತಾಗಲಿಲ್ಲವೇ?" ಸರ್ಕಾರದ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಎರಡು ವರ್ಷಗಳ ಕೋರ್ಸಿಗೆ ನಾನು ಅರ್ಜಿ ಹಾಕಿದ್ದರೆ ಅವರ ಮಾತು ಸರಿಯಾಗುತ್ತಿತ್ತು. ಸ್ಥಾನಗಳು ಎಣಿಕೆಯವು, ಹೊರಗೆ ಕಾಯುವ ಹುಡುಗರು ಹಲವರು. ಶುಲ್ಕ ಕೊಟ್ಟು ಕೂರುವ ಈ ಸಂಜೆಯ ತರಗತಿಯಲ್ಲಿ ಬೆಂಚು ಖಾಲಿಯೇ ಇತ್ತು, ಆದ್ದರಿಂದ ಕುಳಿತೆ. ನಾಳೆ ಪರವಾನಗಿ ಬಂದರೂ ಕೂಲಿಗೆ ವಯರಿಂಗ್ ಮಾಡುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಸಂಬಳ ಇರುವವನು ಸಂಬಳವಿಲ್ಲದವನ ಕೆಲಸಕ್ಕೆ ಕೈಹಾಕಬಾರದು. ಕಲಿಯುವುದು ಎಲ್ಲರ ಹಕ್ಕು, ಕಲಿತದ್ದನ್ನೆಲ್ಲ ಮಾರುವುದು ಹಕ್ಕಲ್ಲ.

ವಯಸ್ಸಿನ ಮಾತೂ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನನಗೆ ನೆನಪಿಸಿದವರು ಕಡಿಮೆಯಲ್ಲ. ಸಾಕ್ರೆಟಿಸ್ ಮುಪ್ಪಿನಲ್ಲಿ ಲೈರ್ ವಾದ್ಯ ಕಲಿಯಲು ಹೋದಾಗ ಸಹಪಾಠಿ ಹುಡುಗರು ನಕ್ಕರಂತೆ, ಗುರುವನ್ನು ಮುದುಕರ ಮೇಷ್ಟ್ರು ಎಂದು ಹಾಸ್ಯ ಮಾಡಿದರಂತೆ. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಈ ಪ್ರಸಂಗವಿದೆ. ನಮ್ಮ ಹುಡುಗರು ಅಷ್ಟು ನಗಲಿಲ್ಲ. ಪಾಠ ನಡೆಯುವುದು ಮಲಯಾಳದಲ್ಲಿ. ಮಾತು ಬಂದರೂ ಬರೆಯುವಾಗ ನನ್ನ ಕೈ ತಡೆಯುವುದರಿಂದ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆದುಕೊಳ್ಳುತ್ತೇನೆ. ಹಿಂದಿನ ಬೆಂಚಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹತ್ತೊಂಬತ್ತರ ಹುಡುಗನೊಬ್ಬನಿದ್ದಾನೆ. ಅವನು ನನ್ನ ಟಿಪ್ಪಣಿ ಒಯ್ಯುತ್ತಾನೆ. ಬದಲಿಗೆ ಅವನೂ ಅವನ ಮಲಯಾಳಿ ಗೆಳೆಯನೂ ಸೇರಿ, ತಾಮ್ರಕ್ಕೆ ಗಾಯವಾಗದಂತೆ ತಂತಿಯ ಹೊರಪದರ ಸುಲಿಯುವುದನ್ನು ನನಗೆ ಹೇಳಿಕೊಟ್ಟರು. ಗಾಯವಾದಲ್ಲಿ ತಂತಿ ಸಪೂರವಾಗುತ್ತದೆ, ಸಪೂರವಾದಲ್ಲಿ ಬಿಸಿಯಾಗುತ್ತದೆ. ಮಗನ ಪ್ರಾಯದವರು ಕೈಹಿಡಿದು ತಿದ್ದುವಾಗ ಮೊದಲು ಇರಿಸುಮುರಿಸಾಗುತ್ತಿತ್ತು, ಈಗ ಆಗುವುದಿಲ್ಲ.

ಇಲ್ಲಿ ಬಣ್ಣಗಳಿಗೂ ಅರ್ಥವಿದೆ. ನಮಗೆ ಕಲಿಸಿದ ಕ್ರಮದಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ತಂತಿಗೆ ತನ್ನ ಬಣ್ಣ ತಿಳಿಯದು, ಯಾವ ಬಣ್ಣದಲ್ಲಾದರೂ ವಿದ್ಯುತ್ ಹರಿದೀತು. ಬಣ್ಣ ಇರುವುದು ಮುಂದೊಂದು ದಿನ ಆ ಪೆಟ್ಟಿಗೆ ಬಿಚ್ಚುವ ಅಪರಿಚಿತನಿಗಾಗಿ. ಅವನು ಕನ್ನಡದವನೋ ಮಲಯಾಳಿಯೋ, ನಾವು ಬಲ್ಲವನೋ ಅಲ್ಲವೋ, ಅವನ ಮುಖವನ್ನು ನಾವು ನೋಡುವುದೇ ಇಲ್ಲ. ಪರಿಚಿತರಿಗೆ ಒಳ್ಳೆಯವರಾಗಿರುವುದನ್ನು ನಾವೆಲ್ಲ ಮನೆಯಲ್ಲಿ ಕಲಿಯುತ್ತೇವೆ. ಎಂದೂ ಕಾಣದವನಿಗೆ, ಯಾರೂ ನೋಡದಲ್ಲಿ, ಸರಿಯಾಗಿ ನಡೆದುಕೊಳ್ಳುವುದನ್ನು ನನಗೆ ಬಿ.ಎ.ಯ ನೀತಿಶಾಸ್ತ್ರದ ಪಾಠಕ್ಕಿಂತ ಚೆನ್ನಾಗಿ ಈ ಮೂರು ಬಣ್ಣಗಳು ತಿಳಿಸಿದವು. ಬಳಸಿ ದುಡಿಯದವನೂ ಕಲಿಯಬೇಕಾದದ್ದು ಇದನ್ನೇ.

ಓದುಗರಲ್ಲಿ ಒಂದು ಬೇಡಿಕೆಯಿದೆ. ನಿಮ್ಮ ಮನೆಯ ಅರ್ತ್ ಎಲ್ಲಿದೆಯೆಂದು ಈ ವಾರ ಹುಡುಕಿ ನೋಡಿ. ಆರ್.ಸಿ.ಸಿ.ಬಿ. ಇದ್ದರೆ ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿ. ತೋಟದ ಪಂಪನ್ನು ಮರೆಯಬೇಡಿ, ಅದನ್ನು ಮುಟ್ಟುವವರು ಹೆಚ್ಚಾಗಿ ನಾವಲ್ಲ. ಸಂಶಯವಿದ್ದರೆ ಪರವಾನಗಿ ಇರುವ ಕೆಲಸಗಾರನನ್ನು ಕರೆಸಿ, ದೀಪ ಉರಿಯುತ್ತದೆಯೇ ಎಂದು ಕೇಳದೆ ಎಲ್ಲವೂ ಸರಿಯಾಗಿದೆಯೇ ಎಂದು ಕೇಳಿ. ಅವನು ಹೇಳುವ ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ.