118 ರೂಪಾಯಿ ಹತ್ತಾಣೆ

1949ರ ಜನವರಿ 1ರಂದು ರಿಸರ್ವ್ ಬ್ಯಾಂಕು ನಮ್ಮದಾಯಿತು. ನೂರು ರೂಪಾಯಿ ಮುಖಬೆಲೆಯ ಷೇರೊಂದಕ್ಕೆ 118 ರೂಪಾಯಿ ಹತ್ತಾಣೆಯ ಲೆಕ್ಕದಲ್ಲಿ ಸರ್ಕಾರ ಪರಿಹಾರ ಕೊಟ್ಟಿತು, ಅದೂ ಬಹುಮಟ್ಟಿಗೆ ಶೇ. 3ರ ಬಡ್ಡಿಯ ಸಾಲಪತ್ರಗಳ ರೂಪದಲ್ಲಿ. ಅದಕ್ಕಾಗಿ 1948ರಲ್ಲಿ ಬಂದ ಕಾಯ್ದೆಯ ಹೆಸರಿನಲ್ಲೇ ‘ಸಾರ್ವಜನಿಕ ಒಡೆತನಕ್ಕೆ ವರ್ಗಾವಣೆ’ ಎಂಬ ಮಾತಿದೆ. ‘ಸರ್ಕಾರದ ಒಡೆತನ’ ಎಂದಿಲ್ಲ. ಎರಡೂ ಒಂದೇ ಏನು?

ಹಳೆಯ ಒಡೆಯರೇನೂ ದೊಡ್ಡ ದೊರೆಗಳಾಗಿರಲಿಲ್ಲ. 1935ರಲ್ಲಿ ಬ್ಯಾಂಕು ಶುರುವಾದಾಗ ಬಂಡವಾಳ ಐದು ಕೋಟಿ ರೂಪಾಯಿ. ಐದು ಷೇರಿಗೆ ಒಂದು ಮತ. ಎಷ್ಟೇ ಷೇರಿದ್ದರೂ ಹತ್ತು ಮತ ದಾಟುವಂತಿಲ್ಲ. ಲಾಭಾಂಶಕ್ಕೂ ಮಿತಿ, ಮಿಕ್ಕ ಹಣವೆಲ್ಲ ಸರ್ಕಾರಕ್ಕೆ. ಗವರ್ನರರ ನೇಮಕವೂ ಸರ್ಕಾರದ್ದೇ. ಹಾಗಿದ್ದರೆ ಅವರಿಂದ ಪಡೆದುಕೊಳ್ಳಲು ಇದ್ದದ್ದಾದರೂ ಏನು?

ನ್ಯಾಯದ ಮಾತೊಂದು ಇತ್ತು ಅನ್ನಿಸುತ್ತದೆ. ರೂಪಾಯಿಯ ಬೆಲೆ ಕುಸಿದರೆ ಷೇರೆಂದರೇನೆಂದೇ ಗೊತ್ತಿಲ್ಲದ ಕೂಲಿಯವಳ ಬಟವಾಡೆಯೂ ಕರಗುತ್ತದೆ. ಎಲ್ಲರ ಅನ್ನಕ್ಕೂ ತಾಗುವ ಅಧಿಕಾರಕ್ಕೆ ಕೆಲವರು ಮಾತ್ರ ಒಡೆಯರೆನಿಸಿಕೊಳ್ಳುವುದು, ಲಾಭ ಎಷ್ಟೇ ಸಣ್ಣದಿರಲಿ, ಸಲ್ಲದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ತೊಡಕು ಇರುವುದು ಮುಂದೆ. ಗವರ್ನರರೊಡನೆ ಸಮಾಲೋಚಿಸಿ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ತೋರಿದ ನಿರ್ದೇಶನಗಳನ್ನು ಬ್ಯಾಂಕಿಗೆ ಕೊಡುವ ಅಧಿಕಾರವನ್ನು ಅದೇ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಹಿತ ಯಾವುದೆಂದು ಇಬ್ಬರಿಗೂ ಬೇರೆ ಬೇರೆ ತೋರಿದರೆ?

ಎಂಟು ವರ್ಷದಲ್ಲೇ ಹಾಗಾಯಿತು. ಆಗ ಗವರ್ನರ್ ನಮ್ಮ ಕರಾವಳಿ ಮೂಲದ ಬೆನೆಗಲ್ ರಾಮರಾಯರು, ಸಂವಿಧಾನ ಸಲಹೆಗಾರ ಬಿ.ಎನ್. ರಾಯರ ತಮ್ಮ. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಹೊರಟರು. ನೋಡುವುದಕ್ಕೆ ಅದು ತೆರಿಗೆ, ಪರಿಣಾಮದಲ್ಲಿ ಬಡ್ಡಿದರದ ಏರಿಕೆ. ಬಡ್ಡಿದರ ಬ್ಯಾಂಕಿನ ಕೆಲಸವೆಂದು ರಾಯರು ತಕರಾರೆತ್ತಿದರು. ನೆಹರೂ ಮಂತ್ರಿಯ ಪರ ನಿಂತರು. 1957ರ ಜನವರಿಯಲ್ಲಿ ರಾಯರು ರಾಜೀನಾಮೆ ಕೊಟ್ಟು ಹೊರನಡೆದರು.

ಮಂತ್ರಿ ಜನರಿಂದ ಆರಿಸಿ ಬಂದವರು, ಕೊನೆಯ ಮಾತು ಅವರದ್ದೇ ಆಗಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. (ರಾಯರ ಅಭಿಮಾನಿಗಳು ಕೋಪಿಸಿಕೊಳ್ಳಬಾರದು.) ನನ್ನ ಜಗಳ ಅವರು ಹಿಡಿದ ದಾರಿಯ ಜೊತೆ. ಕಾಯ್ದೆ ಕೊಟ್ಟಿದ್ದ ನಿರ್ದೇಶನದ ಬಾಗಿಲಿನಿಂದ ಬಂದಿದ್ದರೆ ‘ಇದು ಬಡ್ಡಿದರದ ತೀರ್ಮಾನ, ಮಾಡಿದ್ದು ಸರ್ಕಾರ’ ಎಂದು ಒಡೆಯರಾದ ನಮಗೆ ತಿಳಿಯುತ್ತಿತ್ತು. ತೆರಿಗೆಯ ವೇಷದಲ್ಲಿ ಬಂದದ್ದನ್ನು ಗುರುತಿಸುವುದು ಹೇಗೆ? ಹಿಂದೆ ಐದು ಷೇರಿನವನಿಗೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಲು ಒಂದು ಜಾಗವಿತ್ತು. ಆ ಜಾಗವನ್ನು ಯಾರಿಗೆ ಕೊಟ್ಟೆವೆಂದು 118 ರೂಪಾಯಿ ಹತ್ತಾಣೆಯ ರಸೀದಿಯಲ್ಲಿ ಬರೆದಿಲ್ಲ.