ಅರ್ಧ ಹನಿ

ಪಿಪೆಟ್ಟಿನಿಂದ ದ್ರಾವಣ ಇಳಿದು ಮುಗಿದ ಮೇಲೂ ಅದರ ಮೂತಿಯಲ್ಲಿ ಒಂದಿಷ್ಟು ಉಳಿದುಕೊಳ್ಳುತ್ತದೆ. ಹೊಸದಾಗಿ ಲ್ಯಾಬಿಗೆ ಬಂದ ಪಿಯುಸಿ ಹುಡುಗನ ಕೈ ಸುಮ್ಮನಿರುವುದಿಲ್ಲ. ಕೊಡವುತ್ತಾನೆ, ಫ್ಲಾಸ್ಕಿನ ಅಂಚಿಗೆ ಕುಟ್ಟುತ್ತಾನೆ, ಕೊನೆಗೆ ಊದಿಯೇ ಬಿಡುತ್ತಾನೆ. 'ಊದಬೇಡ್ವೋ!' ಎಂದು ಹಿಂದಿನಿಂದ ಮೇಷ್ಟ್ರ ದನಿ ಬರುತ್ತದೆ. ಹುಡುಗನಿಗೆ ಇದ್ಯಾವ ನ್ಯಾಯವೋ ತಿಳಿಯದು. ಹತ್ತು ಮಿಲಿಲೀಟರ್ ಕೊಡಬೇಕಾದದ್ದು ಒಂದು ಚೂರನ್ನು ತನ್ನಲ್ಲೇ ಇಟ್ಟುಕೊಂಡರೆ ಅದು ಹತ್ತು ಹೇಗಾಯಿತು? ಅಂಗಡಿಯವನು ಎಣ್ಣೆ ಅಳೆಯುವಾಗ ಡಬ್ಬಿಯನ್ನು ಬೋರಲು ಹಿಡಿಸಿ, ಎಳೆ ಕಡಿಯುವವರೆಗೂ ಕಾದು, ಮೇಲಿಷ್ಟು ಕೊಸರನ್ನೂ ಕೇಳುವ ಮನೆಯಿಂದ ಬಂದವನು ಅವನು.

ಪಿಪೆಟ್ಟಿನ ಲೆಕ್ಕ ಬೇರೆ. ಅದರ ಕುತ್ತಿಗೆಗೆ ಗೀಟು ಹಾಕುವಾಗಲೇ ಈ ಉಳಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಗೀಟಿನ ಕೆಳಗೆ ತುಂಬಿರುವುದು ಹತ್ತಕ್ಕಿಂತ ತುಸು ಹೆಚ್ಚು. ಬೆರಳು ಸಡಿಲಿಸಿ, ತಾನಾಗಿ ಇಳಿಯಲು ಬಿಟ್ಟು, ಮೂತಿಯನ್ನು ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ ಒಂದು ಗಳಿಗೆ ಹಿಡಿದರೆ ಹೊರಬರುವುದು ಹತ್ತು. (ಊದಿಯೇ ಖಾಲಿ ಮಾಡಬೇಕಾದ ಪಿಪೆಟ್ಟುಗಳೂ ಇವೆ, ಅವಕ್ಕೆ ಬೇರೆ ಗುರುತಿರುತ್ತದೆ.) ಸ್ಟ್ಯಾಂಡರ್ಡ್ ಫ್ಲಾಸ್ಕಿನ ಗೀಟು ಇದಕ್ಕೆ ತದ್ವಿರುದ್ಧ. ಅದು ಹೇಳುವುದು ಒಳಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು. 250 ಮಿ.ಲೀ. ಫ್ಲಾಸ್ಕನ್ನು ಬಗ್ಗಿಸಿದರೆ 250 ಬರುವುದಿಲ್ಲ, ಗಾಜಿಗೆ ಅಂಟಿದ ತೆಳು ಪದರ ಅಲ್ಲೇ ನಿಲ್ಲುತ್ತದೆ. ದ್ರವವೆಂದರೆ ಪೂರ್ತಿ ಕೈಗೆ ಬರುವಂಥದ್ದಲ್ಲ ಎಂದು ಮೊದಲೇ ಒಪ್ಪಿಕೊಂಡು, ಆ ಬಾರದ ಪಾಲನ್ನೂ ಗಾಜಿನ ಮೇಲೆ ಬರೆದಿಟ್ಟವರ ಬುದ್ಧಿ ನನಗೆ ಇಂದಿಗೂ ಸೋಜಿಗ. ಒಳ್ಳೆಯ ದರ್ಜೆಯ 10 ಮಿ.ಲೀ. ಪಿಪೆಟ್ಟು 0.02 ಮಿ.ಲೀ.ಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಗೀಟಿನ ಕೊಳವೆ, ಬ್ಯೂರೆಟ್ಟಿನಿಂದ ಬೀಳುವ ಒಂದು ಹನಿ ಸುಮಾರು 0.05. ಊದುವ ಆ ಒಂದು ಉಸಿರಿಗೆ ಎಷ್ಟು ಬೆಲೆ ತೆರಬೇಕೆಂದು ಇದರಿಂದಲೇ ಊಹಿಸಬಹುದು.

ಇನ್ನು ನೀರಿನ ಮಟ್ಟ. ಮಟ್ಟವೆಂಬುದೇ ಅದಕ್ಕಿಲ್ಲ! ಗಾಜಿನ ಅಂಚು ಹಿಡಿದು ಮೇಲೇರುತ್ತದೆ, ನಡುವೆ ತಗ್ಗುತ್ತದೆ. ಪಾದರಸವಾದರೆ ಗಾಜಿಗೆ ಬೆನ್ನು ಹಾಕಿ ಉಬ್ಬಿ ನಿಲ್ಲುತ್ತದೆ. ನೀರಿನಲ್ಲಿ ತಗ್ಗಿನ ತಳವನ್ನು, ಕಣ್ಣನ್ನು ಅದರ ಸಮಕ್ಕೆ ತಂದು, ನೋಡಬೇಕು. ಕಣ್ಣು ಮೇಲಿದ್ದರೆ ಒಂದು ಅಂಕಿ, ಕೆಳಗಿದ್ದರೆ ಇನ್ನೊಂದು. ಪೊಟ್ಯಾಸಿಯಂ ಪರ್ಮಾಂಗನೇಟಿನ ಕಡುನೇರಳೆಯಲ್ಲಿ ಆ ತಳ ಕಾಣುವುದೇ ಇಲ್ಲ. ಆಗ ಮೇಲಂಚನ್ನೇ ಓದಿ ಎನ್ನುತ್ತಾರೆ. ಅಂದರೆ ತಪ್ಪಾದ ಜಾಗವನ್ನು ಓದಲು ಅಪ್ಪಣೆ! ಆದರೆ ಶುರುವಿನಲ್ಲೂ ಮೇಲಂಚು, ಮುಗಿವಿನಲ್ಲೂ ಮೇಲಂಚು ಓದಿದರೆ, ಒಂದರಿಂದ ಇನ್ನೊಂದನ್ನು ಕಳೆದಾಗ ಎರಡೂ ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವುದು ಸರಿಯಾದ ಉತ್ತರ.

ಪ್ರತಿ ಸಲವೂ ಒಂದೇ ತೆರನಾಗಿ ಬರುವ ತಪ್ಪಿಗೆ ಇನ್ನೊಂದು ಮುಖವೂ ಇದೆ. ರೆಕಾರ್ಡಿನಲ್ಲಿ ಬ್ಯೂರೆಟ್ಟಿನ ಅಳತೆಯನ್ನು 9.6, 9.6, 9.6 ಎಂದು ಬರೆದ ಹುಡುಗಿಯ ಮುಖದ ಗೆಲುವನ್ನು ನೋಡಬೇಕು. ಮೂರೂ ಸಲ ಅಷ್ಟೇ ಬಂದಿದೆ, ಇನ್ನೇನು ಬೇಕು? ಆದರೆ ಮೂರು ಸಲವೂ ಪಿಪೆಟ್ಟನ್ನು ಊದಿದ್ದರೂ ಅಂಕಿಗಳು ಹೀಗೇ ಒಂದಕ್ಕೊಂದು ಹೊಂದಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಅಂಕಿಗಳ ಒಗ್ಗಟ್ಟು ಸತ್ಯಕ್ಕೆ ಸಾಕ್ಷಿಯಲ್ಲ. ಒಗ್ಗಟ್ಟಿಲ್ಲದ ಅಂಕಿಗಳು ಮಾತ್ರ ಏನೋ ಕೆಟ್ಟಿದೆಯೆಂದು ಕೂಗಿ ಹೇಳುತ್ತವೆ.

ತಪ್ಪು ತಪ್ಪನ್ನು ತಿಂದುಹಾಕುವ ಲೆಕ್ಕದ ಅತಿ ಚಂದದ ಕಥೆ ಕಾರ್ಲ್ ಫ್ರೀಡ್ರಿಖ್ ಮೋರ್‌ನದು. ಜರ್ಮನಿಯ ಕೊಬ್ಲೆನ್ಜ್‌ನ ಔಷಧಿಕಾರ. ನಮ್ಮ ಪಿಯುಸಿ ಮಕ್ಕಳು ಪರ್ಮಾಂಗನೇಟಿನೊಂದಿಗೆ ಟೈಟ್ರೇಷನ್ ಮಾಡುವ ಮೋರ್ ಉಪ್ಪು ಇವನ ಹೆಸರಿನದೇ. ಬ್ಯೂರೆಟ್ಟಿನ ಬುಡಕ್ಕೆ ರಬ್ಬರ್ ನಳಿಗೆ, ಕ್ಲಿಪ್ಪು ಹಾಕಿ ಅದನ್ನು ಎಲ್ಲರ ಕೈಗೆ ಸುಲಭ ಮಾಡಿಕೊಟ್ಟವನೂ ಇವನೇ. (ಪರ್ಮಾಂಗನೇಟು ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಅವನ ಉಪ್ಪಿಗೆ ಅವನ ಬ್ಯೂರೆಟ್ಟೇ ಆಗಿಬರುವುದಿಲ್ಲ!) ಲೀಟರಿನ ವಿಷಯದಲ್ಲಿ ಮೋರ್ ತನ್ನದೇ ದಾರಿ ಹಿಡಿದ. 17.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಹಿತ್ತಾಳೆಯ ಬಟ್ಟುಗಳೆದುರು, ಬರಿ ಗಾಳಿಯಲ್ಲಿ ಸಾವಿರ ಗ್ರಾಂ ತೂಗುವ ನೀರು ಎಷ್ಟು ಜಾಗ ಹಿಡಿಯುತ್ತದೋ ಅದೇ ಲೀಟರ್ ಎಂದ. ಗಾಳಿಯೂ ನೀರನ್ನು ಕೆಳಗಿನಿಂದ ಎತ್ತುತ್ತದೆ. ಒಂದು ಲೀಟರ್ ನೀರು ಇದರಿಂದ ಒಂದು ಗ್ರಾಂಗೂ ತುಸು ಹೆಚ್ಚು ಹಗುರವಾಗಿ ತೂಗುತ್ತದೆ. ಬಿಸಿಯ ಲೆಕ್ಕವೂ ಸೇರಿ ಮೋರ್‌ನ ಲೀಟರ್ ನಿಜದ ಲೀಟರಿಗಿಂತ 2.3 ಮಿ.ಲೀ.ಯಷ್ಟು ದೊಡ್ಡದಾಯಿತು. ಆದರೂ ಅವನ ಪಾತ್ರೆಗಳಿಂದ ಬಂದ ಫಲಿತಾಂಶಗಳು ಕೆಡಲಿಲ್ಲ. ಫ್ಲಾಸ್ಕು ಸಾವಿರಕ್ಕೆ ಎರಡು ಚಿಲ್ಲರೆ ದೊಡ್ಡದು, ಪಿಪೆಟ್ಟೂ ಅಷ್ಟೇ, ಬ್ಯೂರೆಟ್ಟೂ ಅಷ್ಟೇ. ತೂಗಿ ಹಾಕಿದ ಉಪ್ಪಿನ ನೂರನೇ ಒಂದು ಪಾಲು ಬೇಕೆಂದರೆ, ಅವನ ಫ್ಲಾಸ್ಕಿನಿಂದ ಅವನ ಪಿಪೆಟ್ಟು ಸರಿಯಾಗಿ ನೂರನೇ ಒಂದನ್ನೇ ಎತ್ತಿಕೊಡುತ್ತಿತ್ತು. ಮೋರ್ ಪಿಪೆಟ್ಟನ್ನು ಬೇರೆಯವರ ಫ್ಲಾಸ್ಕಿನ ಜೊತೆ ಬಳಸಿದಾಗ ಮಾತ್ರ ಎಡವಟ್ಟು.

ಮೋರ್‌ನದೊಂದು ಖಾಸಗಿ ಲೀಟರ್ ಎನ್ನಬಹುದು. ಲೋಕದ ಲೀಟರಾದರೂ ನೆಟ್ಟಗಿತ್ತೇ? ಹತ್ತು ಸೆಂಟಿಮೀಟರ್ ಘನದ ನೀರಿಗೆ ಸಮನಾಗಲೆಂದು 1799ರಲ್ಲಿ ಪ್ಯಾರಿಸಿನಲ್ಲಿ ಪ್ಲಾಟಿನಂ ಕಿಲೋಗ್ರಾಂ ಮಾಡಿದರು. ಅದು ಕೂದಲೆಳೆಯಷ್ಟು ಭಾರವಾಯಿತು, ಮುಂದಿನ ಕಿಲೋಗ್ರಾಂ ಅದರ ಪಡಿಯಚ್ಚಾಯಿತು. 1901ರಲ್ಲಿ ಲೀಟರನ್ನು ಒಂದು ಕಿಲೋ ನೀರಿನ ಗಾತ್ರವೆಂದು ಗೊತ್ತುಮಾಡಿದಾಗ ಆ ಭಾರ ಲೀಟರಿಗೂ ಅಂಟಿಕೊಂಡಿತು. ಹತ್ತಕ್ಕೆ ಹತ್ತರ ಘನಕ್ಕಿಂತ ಅದು 28 ಘನ ಮಿಲಿಮೀಟರ್ ದೊಡ್ಡದು. 1964ರಲ್ಲಿ ಆ ವ್ಯಾಖ್ಯೆಯನ್ನೇ ಕೈಬಿಟ್ಟರು. 28 ಘನ ಮಿಲಿಮೀಟರ್ ಎಂದರೆ ಎಷ್ಟು? ಹೆಚ್ಚುಕಮ್ಮಿ ಅರ್ಧ ಹನಿ.

ಅರ್ಧ ಹನಿಯನ್ನು ಲ್ಯಾಬಿನಲ್ಲಿ ದಿನವೂ ಹಾಕುತ್ತಾರೆ. ಫ್ಲಾಸ್ಕಿನಲ್ಲಿ ಬಣ್ಣ ಬಂದು ಮಾಯವಾಗಲು ತಡಮಾಡತೊಡಗಿದಾಗ ಬ್ಯೂರೆಟ್ಟಿನ ತಿರುಪನ್ನು ಅಳುಕುತ್ತ ಸರಿಸುತ್ತಾರೆ. ಮೂತಿಯಲ್ಲಿ ಹನಿ ಹುಟ್ಟುತ್ತದೆ. ಅದು ತುಂಬಿಕೊಂಡು ಬೀಳುವ ಮೊದಲೇ ಫ್ಲಾಸ್ಕಿನ ಗೋಡೆಗೆ ಒರೆಸಿಕೊಂಡು, ವಾಷ್ ಬಾಟಲಿನಿಂದ ನೀರು ಚಿಮ್ಮಿಸಿ ಒಳಗಿಳಿಸುತ್ತಾರೆ. ಇಡೀ ಫ್ಲಾಸ್ಕು ನಸುಗುಲಾಬಿಗೆ ತಿರುಗಿ ಹಾಗೆಯೇ ನಿಲ್ಲುತ್ತದೆ. ಆ ಅರ್ಧ ಹನಿಯಲ್ಲಿರುವ ನೀರಿನ ಅಣುಗಳೇ 8ರ ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು.

ನಮ್ಮ ಗಾಜಿನ ಸಾಮಾನುಗಳ ಮೇಲೆ ಸಾಮಾನ್ಯವಾಗಿ 20 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಬಿಸಿ ನಾಡುಗಳಿಗೆಂದು 27 ಡಿಗ್ರಿಯ ಪರ್ಯಾಯವೂ ಅಂತರರಾಷ್ಟ್ರೀಯ ಮಾನಕದಲ್ಲಿದೆ. ಏಪ್ರಿಲ್ಲಿನ ಕಲಬುರಗಿಯಲ್ಲಿ ಎರಡೂ ಒಂದೇ. ಗಾಜು ಹಿಗ್ಗುವುದು ಅತ್ಯಲ್ಪ, ನೀರು ಹಿಗ್ಗುವುದು ಅದಕ್ಕಿಂತ ಬಹಳ ಹೆಚ್ಚು. ಎಲ್ಲ ದ್ರಾವಣಗಳನ್ನೂ ಒಂದೇ ಹೊತ್ತಿನಲ್ಲಿ ಮಾಡಿಕೊಂಡರೆ ಮೋರ್‌ನ ಉಪಾಯ ಇಲ್ಲೂ ಕಾಯುತ್ತದೆ, ಎಲ್ಲವೂ ಒಟ್ಟಿಗೇ ಹಿಗ್ಗುತ್ತವೆ. ಒಂದನ್ನು 28 ಡಿಗ್ರಿಯ ಬೆಳಗಿನಲ್ಲಿ ಮಾಡಿಟ್ಟು, ಇನ್ನೊಂದನ್ನು 36 ಡಿಗ್ರಿಯ ಮಧ್ಯಾಹ್ನ ಮಾಡಿ ಜೊತೆಗಿಟ್ಟರೆ, ಹತ್ತು ಮಿಲಿಲೀಟರಿಗೆ 0.025ರಷ್ಟು ವ್ಯತ್ಯಾಸ ಬೀಳುತ್ತದೆ. ಮತ್ತೆ ಅದೇ ಅರ್ಧ ಹನಿ! ಪಿಯುಸಿ ಪರೀಕ್ಷೆಯಲ್ಲಿ ಇಷ್ಟಕ್ಕೆಲ್ಲ ಅಂಕ ಕಳೆಯುವುದಿಲ್ಲ, ಬ್ಯೂರೆಟ್ಟಿನ ಗೀಟುಗಳೇ 0.1ರ ಅಂತರದವು. ಔಷಧಿ ಕಾರ್ಖಾನೆಗಳ ಪರೀಕ್ಷಾ ಕೋಣೆಗಳಲ್ಲಿ ಹಗಲೂ ರಾತ್ರಿ ಎಸಿ ಓಡುವ ಕಾರಣಗಳಲ್ಲಿ ಮಾತ್ರ ಇದೂ ಒಂದು.