ಶನಿವಾರ ನಿಲ್ಲುವ ಗಾಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವರು ಕೈ ಎತ್ತರಿ. ಅಬ್ಬಾ, ಇಷ್ಟು ಮಂದಿ ಅದೀರಿ!

ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಆದರೆ ಅಗ್ನಿಯ ನಾಲಿಗೆಗಳನ್ನು ಓದಿ, ಪಾರ್ಥ್ಯ, ಮೇದ್ಯ, ಐಗುಪ್ತ, ರೋಮ್ ಅನ್ನೋ ಹೆಸರುಗಳನ್ನು ಹಾರಿಸಿಬಿಡ್ತೇವೆ. ಅವರು ಯಾರು? ಪರದೇಶಗಳಲ್ಲಿ ಚದರಿಹೋಗಿದ್ದ ಯೆಹೂದ್ಯರು. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಪತ್ರ ಬರೆದ. ಬೇಗ ವಾಪಸ್ ಬರ್ತೀರಿ ಅಂತಲ್ಲ, ಅಲ್ಲೇ ಮನೆ ಕಟ್ಟಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಬೇಕು ಅಂತ! ತಮ್ಮನ್ನು ಸೆರೆ ಒಯ್ದವರ ಪಟ್ಟಣಕ್ಕಾಗಿ. ಮುಂದೆ ಪೌಲನು ಹೊಸ ಊರಿಗೆ ಹೋದಾಗ ಮೊದಲು ಹುಡುಕುತ್ತಿದ್ದದ್ದು ಇಂಥವರ ಸಭಾಮಂದಿರವನ್ನೇ.

ದೂರ ಯಾಕೆ? ನಿಪ್ಪಾಣಿಯಿಂದ ಘಟ್ಟ ಇಳಿದು ಕೊಂಕಣದ ದಂಡೆ ಹಿಡಿದು ಉತ್ತರಕ್ಕೆ ಹೋದರೆ ಅಲಿಬಾಗ್ ಸಿಗುತ್ತದೆ. ಅದು ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರ ಸೀಮೆ. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ನವಗಾಂವ್ ಹತ್ತಿರ ದಡ ಸೇರಿದರು ಅಂತ ಅವರ ಹಿರಿಯರ ಮಾತು. ಗ್ರಂಥವೆಲ್ಲ ಸಮುದ್ರದ ಪಾಲು. ಇಬ್ರಿಯ ಭಾಷೆ ಮರೆತು ಮರಾಠಿ ಕಲಿತರು, ಗಾಣ ಆಡಿಸಿ ಎಣ್ಣೆ ತೆಗೆದರು. ಆದರೆ ಸಬ್ಬತ್ ಬಂತೆಂದರೆ ಗಾಣ ನಿಂತಿತು. ಊರವರು ಅವರಿಗೆ ಇಟ್ಟ ಹೆಸರೇ ‘ಶನಿವಾರ ತೇಲಿ’. ತೇಲಿ ಅಂದರೆ ಗಾಣಿಗ, ನಮ್ಮ ಗಡಿ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ನಂಬಿಕೆಗೆ ಹೆಸರಿಟ್ಟವರು ನೆರೆಯವರು, ನೋಡ್ರಿ.

ನನ್ನ ಕಥೆ ಹೇಳ್ತೇನೆ, ನಾಚಿಕೆ ಆಗ್ತದೆ. ಮೊದಲ ಕೆಲಸ ಪುಣೆಯಲ್ಲಿ. ಪ್ರತಿ ಭಾನುವಾರ ಆರಾಧನೆಗೆ ಹೊರಡುವಾಗ ರೂಮಿನ ಗೆಳೆಯನಿಗೆ ‘ಮಾವನ ಮನೆಗೆ ಹೋಗ್ತೇನೆ’ ಅಂತಿದ್ದೆ. ಬೈಬಲ್ ಬ್ಯಾಗಿನ ತಳದಲ್ಲಿ, ಟವೆಲ್ ಕೆಳಗೆ. ಎರಡು ವರ್ಷ! ರೂಮ್ ಬಿಡೋ ದಿನ ಅದು ಕೆಳಗೆ ಬಿತ್ತು. ಅವನು ಎತ್ತಿ ಕೊಟ್ಟು ಅಂದ, “ನೀ ಪ್ರಾರ್ಥನಾ ಮಾಡಾವಾ ಏನು? ನಮ್ಮವ್ವ ಆರು ತಿಂಗಳು ಹಾಸಿಗಿ ಹಿಡದಿದ್ಲಲ್ಲೋ. ಒಂದ್ ಮಾತು ಹೇಳಬಾರದಾ?”

ಆಗಲೇ ಆಕೆ ತೀರಿಹೋಗಿದ್ದಳು.

ಕಣ್ಣು ಮುಚ್ಚಿರಿ. ನಿಮ್ಮ ರೂಮಿನಲ್ಲಿ ಇರುವವರ ಹೆಸರು ಹಿಡಿದು ಈಗ ಪ್ರಾರ್ಥಿಸೋಣ.